ರಾವಣನನ್ನು ಕೊಂದದ್ದು ಯಾರು? - ಕತೆಯ ತೂತುಗಳ ಒಂದು ಸಣ್ಣ ಚರಿತ್ರೆ

2019ರಲ್ಲಿ ‘ಅವೆಂಜರ್ಸ್: ಎಂಡ್‌ಗೇಮ್’ ಬಂತಲ್ಲ, ಅದರ ಕೊನೆಯಲ್ಲಿ ಕ್ಯಾಪ್ಟನ್ ಅಮೆರಿಕ ಹಿಂದಿನ ಕಾಲಕ್ಕೆ ಹೋಗಿ, ಅಲ್ಲೇ ತನ್ನ ಹಳೆಯ ಪ್ರೇಯಸಿಯ ಜೊತೆ ಸಂಸಾರ ಹೂಡಿ, ಮುದುಕನಾಗಿ ಬಂದು ಬೆಂಚಿನ ಮೇಲೆ ಕೂತಿರುತ್ತಾನೆ. ಥಿಯೇಟರಿನಲ್ಲಿ ಎಲ್ಲರೂ ಕಣ್ಣೊರೆಸಿಕೊಂಡರು. ಹೊರಗೆ ಬಂದ ಮೇಲೆ ಶುರುವಾಯ್ತು ನೋಡಿ ತಕರಾರು! ಹಿಂದಿನ ಕಾಲಕ್ಕೆ ಹೋಗಿ ಏನಾದರೂ ಬದಲಾಯಿಸಿದರೆ ಬೇರೆಯದೇ ಒಂದು ಕಾಲದ ಕವಲು ಹುಟ್ಟುತ್ತದೆ ಅಂತ ಅದೇ ಸಿನಿಮಾ ಅರ್ಧ ಗಂಟೆ ಪಾಠ ಮಾಡಿರುತ್ತದೆ. ಹಾಗಾದರೆ ಈ ಮುದುಕ ಬೇರೆ ಕವಲಿನಲ್ಲಿ ಬಾಳಿ ಬಂದವನೋ, ಅಥವಾ ಇಷ್ಟು ವರ್ಷ ಇದೇ ಲೋಕದಲ್ಲಿ ಸದ್ದಿಲ್ಲದೆ ಬಚ್ಚಿಟ್ಟುಕೊಂಡಿದ್ದವನೋ? ನಿರ್ದೇಶಕರಾದ ರೂಸೋ ಸಹೋದರರು ಬೇರೆ ಕವಲು ಅಂದರು. ಚಿತ್ರಕತೆ ಬರೆದ ಮಾರ್ಕಸ್ ಮತ್ತು ಮೆಕ್‌ಫೀಲಿ, ಇಲ್ಲ, ಇದೇ ಲೋಕ ಅಂದರು. ಕತೆ ಮಾಡಿದವರಿಗೇ ಒಮ್ಮತ ಇಲ್ಲ ಅಂದ ಮೇಲೆ ನಮ್ಮಂಥ ಇಂಜಿನಿಯರಿಂಗ್ ಹುಡುಗರು ಬಿಡ್ತೀವಾ? ಹಾಸ್ಟೆಲಿನಲ್ಲಿ ರಾತ್ರಿ ಎರಡರವರೆಗೂ ಗೋಡೆ ಮೇಲೆ ಗೆರೆ ಎಳೆದೆಳೆದು ಜಗಳ :-)

ಈ ಜಗಳಗಳನ್ನು ನೋಡಿ ದೊಡ್ಡವರು ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ. “ಇದೆಲ್ಲ ಅಮೆರಿಕದ ಹುಚ್ಚು ಕಣಪ್ಪ. ನಮ್ಮ ಜನ ಕತೆ ಕೇಳಿದರೆ ಕೈ ಮುಗಿದು ಎದ್ದು ಹೋಗುತ್ತಿದ್ದರು. ಹೀಗೆ ಲಾಯರ್ ಥರ ಪಾಟೀಸವಾಲು ಹಾಕುತ್ತಿರಲಿಲ್ಲ.” ಈ ಮಾತು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಯಾಕೆಂದರೆ ನಾನು ಬೆಳೆದ ಊರಿನಲ್ಲಿ ಕತೆಗೆ ಪಾಟೀಸವಾಲು ಹಾಕುವುದು ಒಂದು ಕುಲಕಸುಬಿನಷ್ಟೇ ಹಳೆಯದು. ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಇದೆ, ಕಾಫಿ ಇಟ್ಟುಕೊಂಡು ಓದಿ.

ನಮ್ಮೂರು ಮಾಂಬಳ್ಳಿ. ಯಳಂದೂರಿಗೂ ಕೊಳ್ಳೇಗಾಲಕ್ಕೂ ನಡುವೆ, ಅಗರದ ಮಗ್ಗುಲಲ್ಲಿ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ. ಕೊಳ್ಳೇಗಾಲ ದಾಟಿ ಹನೂರಿನ ಮೇಲೆ ಹೋದರೆ ಮಾದಪ್ಪನ ಬೆಟ್ಟ. ಆ ಕಡೆ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿ. 1956ರವರೆಗೆ ಯಳಂದೂರು ಮೈಸೂರಿಗೆ ಸೇರಿತ್ತು, ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ. ಅಂದರೆ ನಮ್ಮ ಸೀಮೆಯ ಮಧ್ಯದಲ್ಲೇ ಒಂದು ಸರ್ಕಾರದ ಗಡಿ ಇತ್ತು. ಆದರೆ ಕತೆಗಳು ಆ ಗಡಿಗೆ ಯಾವತ್ತೂ ಸುಂಕ ಕಟ್ಟಿದ್ದಿಲ್ಲ. ಕಂಸಾಳೆ ಹಿಡಿದ ದೇವರಗುಡ್ಡರು ಮಾದಪ್ಪನ ಕತೆ ಹೇಳಿಕೊಂಡು, ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿ ಕತೆ ಹೇಳಿಕೊಂಡು ಎರಡೂ ಕಡೆ ಓಡಾಡುತ್ತಿದ್ದರು.

(ದೇವರನ್ನು ಸೂಪರ್‌ಹೀರೋ ಅಂತ ಕರೀತಿದಾನೆ ಅಂತ ಯಾರೂ ಕೋಪ ಮಾಡ್ಕೋಬೇಡಿ ಸ್ವಾಮಿ. ಹುಲಿ ಮೇಲೆ ಸವಾರಿ ಮಾಡುವ ಮಾದಪ್ಪನಿಗೆ ನಾನೂ ವರ್ಷಕ್ಕೊಮ್ಮೆ ಹೋಗಿ ಕೈ ಮುಗಿದು ಬರೋನೇ. ನಾನು ಹೇಳ್ತಿರೋದು ಕತೆ ಕೇಳುವ ಜನರ ಬಗ್ಗೆ.)

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಕನ್ನಡದಲ್ಲಿ ಕತೆಯ ತೂತು ಮುಚ್ಚುವ ಕೆಲಸ ಎಷ್ಟು ಹಳೆಯದು ಅಂದರೆ, ನಮ್ಮ ಆದಿಕವಿಯೇ ಅದನ್ನು ಮಾಡಿದ್ದಾನೆ.

ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದದ್ದು 941ರಲ್ಲಿ. ಅವನ ದೊರೆ ವೇಮುಲವಾಡದ ಚಾಲುಕ್ಯ ಅರಿಕೇಸರಿ. ದೊರೆಯನ್ನೇ ಅರ್ಜುನ ಅಂತ ಸಮೀಕರಿಸಿ ಮಹಾಭಾರತ ಹೇಳಬೇಕು. ಈಗ ಸಮಸ್ಯೆ ನೋಡಿ. ಮೂಲ ಕತೆಯಲ್ಲಿ ದ್ರೌಪದಿಗೆ ಐದು ಜನ ಗಂಡಂದಿರು. ದೊರೆಯೇ ಅರ್ಜುನ ಅಂದ ಮೇಲೆ, ದೊರೆಯ ಹೆಂಡತಿಗೆ ಇನ್ನೂ ನಾಲ್ಕು ಜನ ಗಂಡಂದಿರು ಅಂತ ಆಸ್ಥಾನದಲ್ಲಿ ನಿಂತು ಓದೋಕಾಗುತ್ತಾ? ಪಂಪ ಒಂದೇ ಏಟಿಗೆ ಪ್ಯಾಚ್ ಹಾಕಿದ: ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಸರಿ ಹೋಯ್ತಲ್ಲ?

ಕೋಡ್ ಬರೆಯುವವರಿಗೆ ಗೊತ್ತು, ಒಂದು ಬಗ್ ಸರಿ ಮಾಡಿದರೆ ಇನ್ನೆಲ್ಲೋ ಇನ್ನೊಂದು ಎದ್ದು ಕೂರುತ್ತದೆ. ಕೌರವರ ಸಭೆಯಲ್ಲಿ ಮುಡಿ ಹಿಡಿದೆಳೆದದ್ದು ಅರ್ಜುನನ ಹೆಂಡತಿಯನ್ನು. ಆದರೆ ರೊಚ್ಚಿಗೇಳುವವನು ಭೀಮ, ದುಶ್ಶಾಸನನನ್ನು ಸೀಳುವವನು ಭೀಮ, ಕೊನೆಗೆ ಅವಳ ಮುಡಿ ಕಟ್ಟುವವನೂ ಭೀಮ! ಗಂಡ ಅನ್ನಿಸಿಕೊಂಡವನು ಏನು ಮಾಡುತ್ತಿದ್ದ? ಕೊನೆಯಲ್ಲಿ ಇನ್ನೂ ಮಜಾ. ಯುದ್ಧ ಗೆದ್ದ ಮೇಲೆ ಪಟ್ಟ ಆಗುವುದು ಧರ್ಮರಾಯನಿಗಲ್ಲ, ಅರ್ಜುನನಿಗೆ. ಅವನ ಪಕ್ಕ ಪಟ್ಟದರಸಿಯಾಗಿ ಕೂರುವವಳು ದ್ರೌಪದಿಯಲ್ಲ, ಸುಭದ್ರೆ. ಇಷ್ಟೆಲ್ಲ ಯುದ್ಧ ಯಾರ ಮುಡಿಗಾಗಿ ನಡೆಯಿತೋ ಅವಳೇ ಕೊನೆಯ ದೃಶ್ಯದಲ್ಲಿ ಪಕ್ಕಕ್ಕೆ! ಸಾವಿರ ವರ್ಷ ಆದ ಮೇಲೂ ಕನ್ನಡದ ವಿಮರ್ಶಕರು ಈ ವಿಷಯ ಎತ್ತಿಕೊಂಡು ವಾದ ಮಾಡುತ್ತಲೇ ಇದ್ದಾರೆ. ಇದನ್ನು ಪ್ಲಾಟ್ ಹೋಲ್ ಚರ್ಚೆ ಅನ್ನದೆ ಇನ್ನೇನು ಅನ್ನೋಣ?

ಪಂಪನ ನಂತರ ಬಂದ ರನ್ನನ ದೊರೆ ಇನ್ನೊಬ್ಬ ಚಾಲುಕ್ಯ, ಸತ್ಯಾಶ್ರಯ. ರನ್ನ ಅವನನ್ನು ಭೀಮನಿಗೆ ಹೋಲಿಸಿದ. ಹಾಗಾಗಿ ‘ಗದಾಯುದ್ಧ’ದ ಕೊನೆಯಲ್ಲಿ ಸಿಂಹಾಸನ ಏರುವವನು ಭೀಮ! ಒಂದೇ ಯುದ್ಧ, ಒಂದೇ ಕುರುಕ್ಷೇತ್ರ. ಆದರೆ ವ್ಯಾಸರಲ್ಲಿ ಧರ್ಮರಾಯನಿಗೆ ಕಿರೀಟ, ಪಂಪನಲ್ಲಿ ಅರ್ಜುನನಿಗೆ, ರನ್ನನಲ್ಲಿ ಭೀಮನಿಗೆ. ಮಾರ್ವೆಲ್‌ನವರು ‘ಮಲ್ಟಿವರ್ಸ್’ ಅಂತ ಈಗ ಎದೆ ತಟ್ಟಿಕೊಳ್ಳುತ್ತಾರೆ... ಇರಲಿ ಬಿಡಿ :-)

ಮೂರನೆಯ ಉದಾಹರಣೆ ಇವೆರಡಕ್ಕಿಂತ ಗಂಭೀರವಾದದ್ದು. ಪಂಪ ರನ್ನ ಇಬ್ಬರೂ ಅಂತ್ಯ ಬದಲಾಯಿಸಿದ್ದು ದೊರೆಗಾಗಿ. ನಾಗಚಂದ್ರ ಬದಲಾಯಿಸಿದ್ದು ಒಂದು ನಂಬಿಕೆಗಾಗಿ. ಸುಮಾರು 1100ರ ಹೊತ್ತಿಗೆ ಅವನು ಬರೆದ ‘ರಾಮಚಂದ್ರಚರಿತ ಪುರಾಣ’ ಜೈನ ರಾಮಾಯಣ. ವಿಮಲಸೂರಿಯ ಪ್ರಾಕೃತ ಕಾವ್ಯದ ದಾರಿಯಲ್ಲಿ ನಡೆಯುವಂಥದ್ದು. ಅಲ್ಲಿ ರಾಮ ಮುಕ್ತಿಗೆ ಹೋಗಬೇಕಾದ ಜೀವ. ಕೊಂದವನಿಗೆ ಮುಕ್ತಿ ಹೇಗೆ ಸಿಗುತ್ತದೆ? ಹಾಗಾಗಿ ಅಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ಅಷ್ಟೇ ಅಲ್ಲ, ರಾವಣನೂ ಅಲ್ಲಿ ಬರೀ ಖಳನಲ್ಲ. ಸೀತೆಯ ದುಃಖ ಕಂಡು ಅವನ ಮನಸ್ಸು ತಿರುಗುತ್ತದೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿ ಬಿಟ್ಟ ಅಂದಾರು, ಗೆದ್ದು ಮರ್ಯಾದೆಯಿಂದ ಒಪ್ಪಿಸುತ್ತೇನೆ ಅಂತ ಯುದ್ಧಕ್ಕೆ ಹೋಗಿ ಸಾಯುತ್ತಾನೆ. ‘ದೇವರಾದವನು ಹೀಗೆ ಮಾಡಬಹುದಾ?’ ಅನ್ನುವ ಪ್ರಶ್ನೆ ಕೇಳಿದ್ದಕ್ಕೇ ಈ ಅಂತ್ಯ ಹುಟ್ಟಿದ್ದು. ಸುಮ್ಮನೆ ಕೈ ಮುಗಿದು ಎದ್ದು ಹೋಗಿದ್ದರೆ ಹುಟ್ಟುತ್ತಿರಲಿಲ್ಲ.

ಇನ್ನು ಕುಮಾರವ್ಯಾಸನ ಭಾರತಕ್ಕೆ ಅಂತ್ಯವೇ ಇಲ್ಲ. ಹತ್ತು ಪರ್ವ ಬರೆದು, ಗದಾಪರ್ವಕ್ಕೆ ಲೇಖನಿ ಕೆಳಗಿಟ್ಟ. ಉಳಿದ ಎಂಟು ಪರ್ವಗಳನ್ನು ವಿಜಯನಗರದ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಮುಗಿಸಿದ. ಅದಕ್ಕೆ ‘ಕೃಷ್ಣರಾಯ ಭಾರತ’ ಅಂತಲೇ ಹೆಸರು. ಆದರೆ ನಮ್ಮ ಕಡೆ ಗಮಕ ಕೇಳುವವರನ್ನು ವಿಚಾರಿಸಿ ನೋಡಿ, ಕುಮಾರವ್ಯಾಸನ ಹೆಸರು ಹೇಳುವ ಹತ್ತು ಜನರಲ್ಲಿ ಒಬ್ಬರೂ ತಿಮ್ಮಣ್ಣನ ಹೆಸರು ಹೇಳುವುದು ಕಷ್ಟ. ಜನ ಪೂರ್ತಿಯಾದ ಕತೆಗಿಂತ ಅರ್ಧಕ್ಕೆ ನಿಂತ ಕತೆಯನ್ನೇ ಇಷ್ಟಪಟ್ಟರು. ಇದು ಕತೆ ಬರೆಯುವವರೆಲ್ಲ ಯೋಚಿಸಬೇಕಾದ ವಿಷಯ.

ಇದೆಲ್ಲ ಪಂಡಿತರ ಮಾತಾಯ್ತು. ಅರಮನೆ, ಬಸದಿ, ತಾಳೆಗರಿ. ಈಗ ನಮ್ಮೂರಿನ ಜಗಲಿಗೆ ಬರೋಣ.

ಮಾದಪ್ಪನ ಕತೆ ಒಂದೇ ಕತೆಯಲ್ಲ, ಅದು ‘ಸಾಲು’ಗಳ ಸರಮಾಲೆ. ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು, ಹೀಗೆ. ಪೂರ್ತಿ ಹೇಳಬೇಕೆಂದರೆ ಒಂದು ರಾತ್ರಿ ಸಾಕಾಗುವುದಿಲ್ಲ. ಹಾಗಾಗಿ ಮನೆಯವರು ಯಾವ ಸಾಲು ಬೇಕು ಅಂತ ಕೇಳುತ್ತಾರೆ, ಗುಡ್ಡರು ಅದನ್ನು ಹಾಡುತ್ತಾರೆ. ಒಬ್ಬರು ಹಾಡಿದ್ದಕ್ಕೂ ಇನ್ನೊಂದು ಮೇಳದವರು ಹಾಡಿದ್ದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ಇದೇ ಜಗಳದ ಮೂಲ. “ಹೋದ್ಸಲ ಬಂದೋರು ಹಂಗೇಳ್ಳಿಲ್ವಲ್ಲ” ಅಂತ ಹಿಂದಿನಿಂದ ಯಾರಾದರೂ ಒಬ್ಬರು ಕೂಗದೆ ಕತೆ ಮುಗಿದದ್ದು ನಾನು ಕಂಡಿಲ್ಲ.

ಶ್ರವಣನ ಸಾಲು ತಗೊಳ್ಳಿ. ದೇವಾನುದೇವತೆಗಳನ್ನೆಲ್ಲ ಸೆರೆ ಹಾಕಿ ಚಾಕರಿ ಮಾಡಿಸುವ ದೊರೆ ಅವನು. ಇಂಥವನನ್ನು ಮಾದಪ್ಪ ತೋಳ್ಬಲದಿಂದಲ್ಲ, ಪಾದರಕ್ಷೆಯ ಉಪಾಯದಿಂದ ಕೆಡವುತ್ತಾನೆ. ಹುಡುಗರಾಗಿದ್ದಾಗ ನಮ್ಮದು ಒಂದೇ ಪ್ರಶ್ನೆ. ಹುಲಿಯನ್ನೇ ಕುದುರೆ ಮಾಡಿಕೊಂಡವನಿಗೆ ಉಪಾಯ ಯಾಕೆ ಬೇಕು? ಒಂದು ಗುದ್ದು ಗುದ್ದಿದರೆ ಆಗುತ್ತಿರಲಿಲ್ವಾ? ಇದಕ್ಕೆ ಊರಲ್ಲಿ ಒಬ್ಬ ಹಿರಿಯರು ಕೊಟ್ಟ ಉತ್ತರ ನನಗೆ ಇನ್ನೂ ನೆನಪಿದೆ. “ಗುದ್ದಿ ಗೆಲ್ಲೋದು ದೊರೆಗಳ ಕೆಲ್ಸ ಕನ ಮಗ. ಮಾದಪ್ಪ ನಮ್ಮೋನು. ನಮ್ಮಂಥೋರು ದೊಡ್ಡೋರ ಎದುರ್ಗೆ ಗೆಲ್ಬೇಕಾದ್ರೆ ಉಪಾಯ್ದಿಂದ್ಲೇ ಗೆಲ್ಬೇಕು.” ನೋಡಿ, ತೂತು ಅಂತ ನಾವು ಅಂದುಕೊಂಡದ್ದೇ ಅವರ ಪಾಲಿಗೆ ಕತೆಯ ಬೆನ್ನೆಲುಬು.

1978ರ ‘ಸೂಪರ್‌ಮ್ಯಾನ್’ ಸಿನಿಮಾದ ಎದುರಿಗೂ ಜನ ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳಿದರು. ಅಲ್ಲಿ ಲೋಯಿಸ್ ಸತ್ತಾಗ ಸೂಪರ್‌ಮ್ಯಾನ್ ಭೂಮಿಯ ಸುತ್ತ ಹಾರಿ ಕಾಲವನ್ನೇ ಹಿಂದಕ್ಕೆ ತಿರುಗಿಸುತ್ತಾನೆ. ಅಷ್ಟು ಸುಲಭವಾಗಿದ್ದರೆ ಪ್ರತಿ ಸಲವೂ ಹಾಗೇ ಮಾಡಬಹುದಲ್ಲ? ಎಲ್ಲವನ್ನೂ ಮಾಡಬಲ್ಲ ನಾಯಕ ಸಿಕ್ಕಿದರೆ ಕತೆಗೆ ಭಯವೇ ಇರುವುದಿಲ್ಲ. ಅಸಲಿಗೆ ಆ ಅಂತ್ಯ ಎರಡನೇ ಭಾಗಕ್ಕೆ ಅಂತ ಇಟ್ಟುಕೊಂಡಿದ್ದು, ಮೊದಲನೆಯದಕ್ಕೆ ಎತ್ತಿ ಹಾಕಿದರು. ರಿಚರ್ಡ್ ಡಾನರ್ ಅವರ ಎರಡನೇ ಭಾಗದ ಆವೃತ್ತಿ ಜನರ ಕೈಗೆ ಸಿಕ್ಕಿದ್ದು 2006ರಲ್ಲಿ. ನೋಡಿದರೆ ಅದರ ಕೊನೆಯಲ್ಲೂ ಕಾಲ ಹಿಂದಕ್ಕೆ ತಿರುಗುತ್ತದೆ!

ಈಗ ಸಂಕಮ್ಮನ ಸಾಲು. ಈ ಬರಹ ಬರೆಯಲು ಕೂತದ್ದೇ ಇದಕ್ಕಾಗಿ.

ಗೊತ್ತಿಲ್ಲದವರಿಗೆ ಚುಟುಕಾಗಿ: ಸಂಕಮ್ಮನ ಗಂಡ ನೀಲೇಗೌಡ ಬೇಟೆಗೆ ಮಲೆಗೆ ಹೊರಡುತ್ತಾನೆ. ತಾನಿಲ್ಲದಾಗ ಪತಿವ್ರತೆಯಾಗಿರುತ್ತೇನೆ ಅಂತ ಬಲಗೈ ಭಾಷೆ ಕೊಡು ಅಂತ ಹೆಂಡತಿಯನ್ನು ಕೇಳುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅವನು ಹಿಂಸೆ ಕೊಡುತ್ತಾನೆ, ಕಟ್ಟು ಹಾಕಿ ಬಿಟ್ಟು ಹೋಗುತ್ತಾನೆ. ಮಾದಪ್ಪ ಬಂದು ಅವಳನ್ನು ಬಿಡಿಸುತ್ತಾನೆ, ಮಕ್ಕಳಿಲ್ಲದ ಅವಳಿಗೆ ಎರಡು ಮಕ್ಕಳ ವರ ಕೊಡುತ್ತಾನೆ. ಅವರೇ ಕಾರಯ್ಯ, ಬಿಲ್ಲಯ್ಯ. ಗಂಡ ತಿರುಗಿ ಬಂದು ನೋಡುತ್ತಾನೆ, ಹೆಂಡತಿ ಬಸುರಿ. ಅನುಮಾನ, ಸತ್ಯಪರೀಕ್ಷೆ. ಸಂಕಮ್ಮ ಗೆಲ್ಲುತ್ತಾಳೆ.

ಇಡೀ ಕತೆಯ ಜೀವ ಇರುವುದು ಮೊದಲ ದೃಶ್ಯದಲ್ಲಿ. ಅವಳು ಸುಲಭವಾಗಿ ಭಾಷೆ ಕೊಟ್ಟುಬಿಡಬಹುದಿತ್ತು, ತಪ್ಪು ಮಾಡುವವಳೂ ಅಲ್ಲ. ಆದರೂ ಕೊಡಲ್ಲ ಅಂತಾಳೆ. ನಂಬಿಕೆ ಇದ್ದರೆ ಭಾಷೆ ಯಾಕೆ, ಇಲ್ಲದಿದ್ದರೆ ಭಾಷೆಯಿಂದ ಏನು ಪ್ರಯೋಜನ ಅನ್ನುವ ಹಟ ಅದು. ಅಷ್ಟು ಹಟದ ಹೆಂಗಸು ಕೊನೆಯಲ್ಲಿ ಅದೇ ಗಂಡನ ಮುಂದೆ ಪರೀಕ್ಷೆಗೆ ನಿಲ್ಲುತ್ತಾಳಲ್ಲ, ಯಾಕೆ? ಮೊದಲೇ ಭಾಷೆ ಕೊಡದವಳು ಆಮೇಲೆ ಪರೀಕ್ಷೆ ಯಾಕೆ ಕೊಟ್ಟಳು? ಮಾದಪ್ಪನೇ ಜೊತೆಗಿದ್ದನಲ್ಲ?

ಈ ಪ್ರಶ್ನೆ ನನ್ನದಲ್ಲ. ನಮ್ಮಜ್ಜಿಯದು. ಅಕ್ಷರ ಬಾರದ ನಮ್ಮಜ್ಜಿ ಈ ಸಾಲು ಬಂದಾಗಲೆಲ್ಲ ಅದೇ ತಕರಾರು ತೆಗೆಯೋರು. “ಬುಡು, ಅವ್ನು ನಂಬ್ದೆ ಇದ್ರೆ ಹೋಗ್ಲಿ. ದೇವ್ರೇ ಮನೆಗ್ ಬಂದ್ಮೇಕೆ ಇವ್ನ ಹಂಗ್ಯಾಕೆ?” ಪಕ್ಕದ ಮನೆಯ ಅವ್ವ ಒಬ್ಬರು ಅಷ್ಟೇ ಗಟ್ಟಿಯಾಗಿ ಎದುರು ವಾದಿಸೋರು. “ನಿಮ್ಗೇನಕ್ಕಾ, ಹೇಳ್ತೀರಿ. ಊರ್ನೋರು ಬಾಯ್ ಮುಚ್ಬೇಕಲ್ಲ. ಅವ್ಳು ಗೆದ್ದಿದ್ದು ಗಂಡನ್ಗಲ್ಲ, ಊರಿಗೆ.” ಆ ಹೆಂಗಸಿನ ಗಂಡ ಇಂಥದ್ದೇ ಒಂದು ಅನುಮಾನದ ಮೇಲೆ ಅವರನ್ನು ಬಿಟ್ಟು ಹೋಗಿ ವರ್ಷಗಳಾಗಿದ್ದವು ಅಂತ ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ಅವರಿಗೆ ಪರೀಕ್ಷೆಯೂ ಇರಲಿಲ್ಲ, ಮಾದಪ್ಪನೂ ಬಂದಿರಲಿಲ್ಲ. ಅವರ ಪಾಲಿಗೆ ಸಂಕಮ್ಮ ಊರಿನ ಮುಂದೆ ಗೆಲ್ಲಲೇಬೇಕಿತ್ತು. ನಮ್ಮಜ್ಜಿಗೆ ಸಂಕಮ್ಮ ಆ ಮನೆ ಬಿಟ್ಟು ಹೊರಡಬೇಕಿತ್ತು. ಇಬ್ಬರೂ ಕೇಳುತ್ತಿದ್ದದ್ದು ಒಂದೇ ಕತೆ, ಬೇಕಾಗಿದ್ದದ್ದು ಬೇರೆ ಬೇರೆ ಅಂತ್ಯ.

ಇದನ್ನು ‘ಹೆಂಗಸರ ಹರಟೆ’ ಅಂತ ತಳ್ಳಿಹಾಕುವವರಿಗೆ 1944ರ ಒಂದು ಘಟನೆ ನೆನಪಿಸಬೇಕು. ಆ ವರ್ಷ ಕುವೆಂಪು ‘ಶೂದ್ರ ತಪಸ್ವಿ’ ನಾಟಕ ಬರೆದರು. ಮೂಲ ಕತೆಯಲ್ಲಿ ಶೂದ್ರನಾದ ಶಂಬೂಕ ತಪಸ್ಸು ಮಾಡಿದ ಅಂತ ರಾಮ ಅವನ ತಲೆ ತೆಗೆಯುತ್ತಾನೆ. ಕುವೆಂಪು ನಾಟಕದಲ್ಲಿ ರಾಮ ಬಿಟ್ಟ ಬಾಣ ಶಂಬೂಕನನ್ನು ಮುಟ್ಟುವುದಿಲ್ಲ. ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಕೊನೆಗೆ ಆ ಬ್ರಾಹ್ಮಣ ಶಂಬೂಕನಿಗೆ ಕೈ ಮುಗಿಯುತ್ತಾನೆ. ಮಾಸ್ತಿಯವರಿಗೆ ಇದು ಸರಿ ಕಾಣಲಿಲ್ಲ. ಹಳೆಯ ಕತೆಯನ್ನು ಹೀಗೆ ತಿರುಗಿಸಬಾರದು ಅಂತ ಆಕ್ಷೇಪ ಎತ್ತಿದರು. ಕುವೆಂಪು ಅದಕ್ಕೆ ಉತ್ತರಿಸಿದರು. ಕನ್ನಡದ ಇಬ್ಬರು ದೊಡ್ಡವರು, ಇಬ್ಬರೂ ಮುಂದೆ ಜ್ಞಾನಪೀಠ ಪಡೆದವರು, ಒಂದು ಬಾಣ ಯಾವ ಕಡೆ ಹಾರಬೇಕಿತ್ತು ಅಂತ ವಾದ ಮಾಡಿದರು!

ಮಾಸ್ತಿಯವರ ಪಕ್ಷದಲ್ಲೂ ಒಂದು ನ್ಯಾಯ ಇದೆ. ಹಳೆಯ ಕಾಲದ ತಪ್ಪನ್ನು ಕತೆಯಲ್ಲೇ ತಿದ್ದಿಬಿಟ್ಟರೆ, ಹಾಗೊಂದು ತಪ್ಪು ನಡೆದಿತ್ತು ಅನ್ನುವುದೇ ಮರೆತುಹೋಗಬಹುದು. ಆದರೆ ನನಗೆ ಕುವೆಂಪು ಪಕ್ಷವೇ ಹೆಚ್ಚು ಒಪ್ಪಿಗೆ. ಯಾಕೆಂದರೆ ಶಂಬೂಕನ ಕತೆ ಕೇಳಿಸಿಕೊಂಡು ಸುಮ್ಮನೆ ಕೂರಬೇಕಾಗಿದ್ದ ಜನ ಸಾವಿರಾರು ವರ್ಷ ಸುಮ್ಮನೇ ಕೂತಿದ್ದರು. ಅವರಿಗೆ ಆ ಅಂತ್ಯ ಬರೀ ಕತೆಯಾಗಿರಲಿಲ್ಲ. ಓದುವ ಹಕ್ಕು ನಿನಗಿಲ್ಲ ಅನ್ನುವ ಕಾನೂನಾಗಿತ್ತು. ಕಾನೂನು ಬದಲಾಗಬೇಕಾದರೆ ಕತೆಯೂ ಬದಲಾಗಬೇಕಾಗುತ್ತದೆ.

ನಮ್ಮ ಸೀಮೆಯಲ್ಲಿ ಈ ಕೆಲಸವನ್ನು ನೀಲಗಾರರು ಪುಸ್ತಕವಿಲ್ಲದೆಯೇ ಮಾಡಿಕೊಂಡು ಬಂದಿದ್ದಾರೆ. ಮಂಟೇಸ್ವಾಮಿ ಕಲ್ಯಾಣಕ್ಕೆ ಹೋಗುವ ಭಾಗ ಕೇಳಿದ್ದೀರಲ್ಲ. ಶರಣರ ಊರು ಅಂತ ಹೆಸರಾದ ಕಲ್ಯಾಣದಲ್ಲಿ, ಕೊಳಕು ವೇಷದಲ್ಲಿ ಬಂದ ಮಂಟೇದಯ್ಯನನ್ನು ಬಾಗಿಲಲ್ಲೇ ತಡೆಯುತ್ತಾರೆ. ‘ಎಲ್ಲರೂ ಸಮಾನ’ ಅಂದ ಊರಿನಲ್ಲೂ ಬಾಗಿಲಲ್ಲಿ ನಿಲ್ಲಿಸುವವರು ಇದ್ದರಲ್ಲ ಅಂತ ತೋರಿಸುವ ಕತೆ ಅದು. ಬಸವಣ್ಣನವರ ಚರಿತ್ರೆಗೆ ಕೆಳಗಿನಿಂದ ಹಾಕಿದ ಪಾಟೀಸವಾಲು. ಬಿಳಿಗಿರಿರಂಗನ ಬೆಟ್ಟದಲ್ಲೂ ಹೀಗೇ. ಗುಡಿಯಲ್ಲಿ ರಂಗನಾಥನಿಗೆ ಅಲಮೇಲು ರಂಗನಾಯಕಿ. ಆದರೆ ಸೋಲಿಗರ ಹಾಡಿನಲ್ಲಿ ರಂಗಯ್ಯ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು. ಹಾಗಾಗಿ ಅವರಿಗೆ ಅವನು ‘ಭಾವ’. ದೇವರನ್ನು ಭಾವ ಅಂತ ಕರೆಯುವ ಸಲುಗೆ ಒಂದು ಬೇರೆ ಕತೆಯಿಂದಲೇ ಬಂದದ್ದು. ಆ ಕತೆ ತಪ್ಪು ಅಂತ ಯಾರಾದರೂ ತೀರ್ಪು ಕೊಟ್ಟರೆ, ಕಾಡು ತಮ್ಮದು, ಬೆಟ್ಟದ ಮೇಲಿರುವವನು ತಮ್ಮ ನೆಂಟ ಅನ್ನುವ ಅವರ ಮಾತೂ ಬಿದ್ದುಹೋಗುತ್ತದೆ.

ಸಿನಿಮಾಕ್ಕೆ ಬರದಿದ್ದರೆ ನೀವು ಬೈತೀರಿ, ಬಂದೆ :-)

ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ನಾಟಕದ ನಟರು. ಸಿಂಗಾನಲ್ಲೂರು ನಮ್ಮ ಕೊಳ್ಳೇಗಾಲ ಸೀಮೆಯ ಊರೇ. ಹಾಗಾಗಿ ಅಣ್ಣಾವ್ರ ಸಿನಿಮಾ ಅಂದರೆ ನಮ್ಮ ಕಡೆ ಮನೆಯ ಮಾತು. ಅವರ ಸಿನಿಮಾದಲ್ಲಿ ಅವರು ಸಾಯಬಾರದು, ಇದು ಅಭಿಮಾನಿಗಳ ಅಲಿಖಿತ ಕಾನೂನು. ಅದನ್ನು ಮುರಿದದ್ದು 1971ರ ‘ಕಸ್ತೂರಿ ನಿವಾಸ’. ಕೊಟ್ಟು ಕೊಟ್ಟು ಬರಿಗೈಯಾದ ರವಿವರ್ಮನ ಮನೆಗೆ ನೀಲಾ ಬರುತ್ತಾಳೆ. ಅವಳಿಗೆ ಊಟ ಹಾಕಲು ಕೊನೆಯದಾಗಿ ಉಳಿದಿದ್ದ ಪಾರಿವಾಳವನ್ನೂ ಅವನು ಕಳೆದುಕೊಳ್ಳುತ್ತಾನೆ. ಊಟವಾದ ಮೇಲೆ ಗೊತ್ತಾಗುತ್ತದೆ, ಅವಳು ಬಂದದ್ದೇ ಕಾಯಿಲೆ ಬಿದ್ದ ಮಗುವಿಗಾಗಿ ಆ ಪಾರಿವಾಳ ಕೇಳಲು! ಕೊಡಲು ಏನೂ ಇಲ್ಲದ ಅವನು ಪ್ರಾಣ ಬಿಡುತ್ತಾನೆ.

ನಮ್ಮ ಮನೆಯಲ್ಲಿ ಈ ಸಿನಿಮಾ ಟಿವಿಯಲ್ಲಿ ಬಂದಾಗಲೆಲ್ಲ ಒಂದೇ ತಗಾದೆ. “ಬಂದ ತಕ್ಷಣ ಏನಮ್ಮಾ ಬಂದೆ ಅಂತ ಕೇಳಬಾರದಾಗಿತ್ತಾ?” ಕೇಳಿದ್ದರೆ ಪಾರಿವಾಳ ಉಳಿಯುತ್ತಿತ್ತು, ಮಗುವಿಗೆ ಸಿಗುತ್ತಿತ್ತು, ಅಣ್ಣಾವ್ರೂ ಉಳಿಯುತ್ತಿದ್ದರು. ದೊಡ್ಡ ತೂತೇ. ಆದರೆ ನಮ್ಮ ಕಡೆ ಮನೆಗೆ ಬಂದವರನ್ನು ಊಟಕ್ಕೆ ಮೊದಲು ‘ಯಾಕೆ ಬಂದೆ’ ಅಂತ ಯಾರಾದರೂ ಕೇಳ್ತಾರಾ? ಕೇಳಿದರೆ ಅವಮಾನ. ಆ ಮರ್ಯಾದೆ ಗೊತ್ತಿರುವವರಿಗೆ ಅದು ತೂತಲ್ಲ, ಅದೇ ಕತೆ.

ಇದಕ್ಕೊಂದು ದೂರದ ಅಣ್ಣನೂ ಇದ್ದಾನೆ. ಇಟಲಿಯ ಬೊಕಾಚಿಯೋ 14ನೇ ಶತಮಾನದಲ್ಲಿ ಬರೆದ ‘ಡೆಕಮೆರಾನ್’ನಲ್ಲಿ ಫೆಡೆರಿಗೋ ಅನ್ನುವವನ ಕತೆ ಬರುತ್ತದೆ. ಎಲ್ಲ ಕಳೆದುಕೊಂಡ ಅವನ ಬಳಿ ಉಳಿದದ್ದು ಒಂದು ಬೇಟೆಯ ಗಿಡುಗ. ಪ್ರೀತಿಸಿದವಳು ಮನೆಗೆ ಬಂದಾಗ ಅದನ್ನೇ ಕೊಯ್ದು ಅಡುಗೆ ಮಾಡಿ ಬಡಿಸುತ್ತಾನೆ. ಅವಳು ಬಂದದ್ದು ಕಾಯಿಲೆ ಬಿದ್ದ ಮಗನಿಗಾಗಿ ಆ ಗಿಡುಗ ಕೇಳಲು. ಮಗ ಸಾಯುತ್ತಾನೆ. ಆದರೆ ಅವನ ದೊಡ್ಡ ಮನಸ್ಸು ಕಂಡ ಅವಳು ಮುಂದೆ ಅವನನ್ನೇ ಮದುವೆಯಾಗುತ್ತಾಳೆ! ಇಟಲಿಯಲ್ಲಿ ಕೊಟ್ಟವನಿಗೆ ಫಲ ಸಿಕ್ಕಿತು. ನಮ್ಮಲ್ಲಿ ಕೊಟ್ಟವನು ಕೊಡಲಾಗದ ನಾಚಿಕೆಗೆ ಸತ್ತ. ಅಭಿಮಾನಿಗಳು ಅತ್ತುಕೊಂಡೇ ಆ ಸಾವನ್ನು ಒಪ್ಪಿಕೊಂಡರು. ಎಷ್ಟು ಒಪ್ಪಿಕೊಂಡರೆಂದರೆ 2014ರಲ್ಲಿ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದಾಗಲೂ ಜನ ಬಂದು ನೋಡಿದರು.

ಮುಂದಿನ ವರ್ಷವೇ, 1972ರಲ್ಲಿ, ‘ನಾಗರಹಾವು’. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ ಸಿನಿಮಾ. ನಾಡೇ ಹುಚ್ಚೆದ್ದು ನೋಡಿತು. ಕತೆ ಬರೆದ ತ.ರಾ.ಸು. ಮಾತ್ರ, ನನ್ನ ನಾಗರಹಾವನ್ನು ಕೇರೆಹಾವು ಮಾಡಿದರು ಅಂತ ಬೇಸರಪಟ್ಟರು. ಈಗ ರಾಮಾಚಾರಿ ಅಂದರೆ ಯಾರಿಗೂ ಪುಸ್ತಕ ನೆನಪಾಗುವುದಿಲ್ಲ, ವಿಷ್ಣುವರ್ಧನ್ ನೆನಪಾಗುತ್ತಾರೆ. ಲೇಖಕ ಸೋತ, ಬೇರೊಂದು ರೂಪ ಗೆದ್ದಿತು. ಇದು ನನ್ನನ್ನು ಸ್ವಲ್ಪ ಯೋಚನೆಗೆ ಹಚ್ಚುತ್ತದೆ. ಬದಲಾಯಿಸುವ ಹಕ್ಕು ಇರಬೇಕು ಸರಿ. ಆದರೆ ಬದಲಾದ ಒಂದೇ ರೂಪ ಉಳಿದು ಉಳಿದದ್ದೆಲ್ಲ ಅಳಿಸಿಹೋದರೆ?

ಅಮೆರಿಕದ ಕಾಮಿಕ್ಸ್‌ನಲ್ಲಿ ಇದರ ವಿಚಿತ್ರ ಉದಾಹರಣೆ ಇದೆ. 1988ರಲ್ಲಿ ಬ್ಯಾಟ್‌ಮ್ಯಾನ್‌ನ ಶಿಷ್ಯ ರಾಬಿನ್, ಅಂದರೆ ಜೇಸನ್ ಟಾಡ್, ಸಾಯಬೇಕಾ ಬದುಕಬೇಕಾ ಅಂತ ಓದುಗರಿಗೇ ಫೋನ್ ಮಾಡಿ ಮತ ಹಾಕಲು ಬಿಟ್ಟರು. ಸಾಯಲಿ ಅಂದವರು 5343. ಬದುಕಲಿ ಅಂದವರು 5271. ಎಪ್ಪತ್ತೆರಡು ಫೋನ್ ಕರೆಯಲ್ಲಿ ಹುಡುಗ ಸತ್ತ. 2005ರಲ್ಲಿ ಅವನನ್ನು ಮತ್ತೆ ಬದುಕಿಸಿದರು, ಅದು ಬೇರೆ ಮಾತು. ಅಲ್ಲಿ ಕತೆಗೆ ಒಡೆಯ ಇದ್ದಾನೆ, ಒಂದು ಕಂಪನಿ. ಅದು ಒಪ್ಪಿದ್ದೇ ಅಧಿಕೃತ. 2017ರ ‘ಜಸ್ಟೀಸ್ ಲೀಗ್’ ಚೆನ್ನಾಗಿಲ್ಲ ಅಂತ ಅಭಿಮಾನಿಗಳು ವರ್ಷಗಟ್ಟಲೆ ಗಲಾಟೆ ಮಾಡಿದರು. 2021ರಲ್ಲಿ ಸ್ನೈಡರ್ ಅವರ ನಾಲ್ಕು ಗಂಟೆಯ ಆವೃತ್ತಿ ಬಂತು. ಆದರೆ ಅದೂ ಕಂಪನಿ ಮನಸ್ಸು ಮಾಡಿ ದುಡ್ಡು ಹಾಕಿದ್ದಕ್ಕೇ ಬಂದದ್ದು. ಅಭಿಮಾನಿ ಬೇಡಬಹುದು, ಹಾಡಲಾರ.

ನಮ್ಮ ಗುಡ್ಡರು, ನೀಲಗಾರರು ಹಾಗಲ್ಲ. ಅವರ ಕತೆಗೆ ಕಂಪನಿ ಇಲ್ಲ. ಪ್ರತಿ ಮೇಳವೂ ಒಂದು ಆವೃತ್ತಿ, ಎಲ್ಲವೂ ಅಧಿಕೃತ. ಇಂದು ಸಂಜೆ ನಮ್ಮಜ್ಜಿ ತಕರಾರು ಎತ್ತಿದರೆ, ನಾಳೆ ಮುಂದಿನೂರಿನಲ್ಲಿ ಹಾಡುವವನು ಸಂಕಮ್ಮನ ಬಾಯಲ್ಲಿ ಒಂದು ಮಾತು ಹೆಚ್ಚು ಹಾಕಿ ಹಾಡಬಲ್ಲ. ಕೇಳುವವರ ಜಗಳ ಹಾಡಿನೊಳಗೆ ಹೋಗಿ ಸೇರುತ್ತಿತ್ತು.

‘ಸೇರುತ್ತಿತ್ತು’ ಅಂದೆ. ಈಗ? ಪಿ.ಕೆ. ರಾಜಶೇಖರ, ಹಿ.ಚಿ. ಬೋರಲಿಂಗಯ್ಯ, ಕೇಶವನ್ ಪ್ರಸಾದ್ ಅವರಂಥ ವಿದ್ವಾಂಸರು ಈ ಕಾವ್ಯಗಳನ್ನು ಹಾಡಿಸಿ, ಬರೆಸಿ, ಅಚ್ಚು ಹಾಕಿಸಿದ್ದಾರೆ. 2001ರಲ್ಲಿ ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಅವರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ ತಂದಿತು. ಇದು ದೊಡ್ಡ ಉಪಕಾರ, ಇಲ್ಲದಿದ್ದರೆ ಎಷ್ಟೋ ಸಾಲು ಕಳೆದೇ ಹೋಗುತ್ತಿತ್ತು. ಅವರು ಯಾರೂ ಇದೊಂದೇ ಸರಿ ಅಂದವರಲ್ಲ. ಆದರೆ ಅಚ್ಚಾದದ್ದು, ಕ್ಯಾಸೆಟ್ಟಾದದ್ದು, ಧಾರಾವಾಹಿಯಾದದ್ದು ನೋಡನೋಡುತ್ತ ‘ಅಸಲಿ ಕತೆ’ ಆಗಿಬಿಡುತ್ತದೆ. ಕಳೆದ ಸಲ ಊರಿಗೆ ಹೋದಾಗ ಅಕ್ಕನ ಮಗಳು ಗುಡ್ಡರ ಹಾಡು ಕೇಳಿ ಅಂದಳು, “ಮಾಮ, ಇವ್ರು ತಪ್ಪು ಹೇಳ್ತಾವ್ರೆ. ಟಿವೀಲಿ ಹಿಂಗಿರ್ಲಿಲ್ಲ.” ತಲೆಮಾರುಗಳಿಂದ ಹಾಡಿಕೊಂಡು ಬಂದವರು ಟಿವಿಯ ಮುಂದೆ ಪರೀಕ್ಷೆಗೆ ನಿಲ್ಲಬೇಕು!

ನಾನು ಅವಳಿಗೆ ಇದು ಸರಿ ಅದು ತಪ್ಪು ಅಂತ ಹೇಳಲಿಲ್ಲ. “ನಿಂಗೆ ಯಾವ್ದು ಇಷ್ಟ ಆಯ್ತು? ಯಾಕೆ?” ಅಂದೆ. ಅರ್ಧ ಗಂಟೆ ವಾದ ಮಾಡಿದಳು. ನಮ್ಮಜ್ಜಿಯ ಮೊಮ್ಮಗಳ ಮಗಳು, ಕೇಳಬೇಕೇ.

ಹಾಗಾಗಿ ಎಂಡ್‌ಗೇಮ್ ಬಗ್ಗೆ ಜಗಳವಾಡುವ ಹುಡುಗರನ್ನು ಕಂಡು ನಗಬೇಡಿ. 2022ರಲ್ಲಿ ‘ಕೆಜಿಎಫ್ 2’ರ ಕೊನೆಯಲ್ಲಿ ಚಿನ್ನದ ಜೊತೆ ಸಮುದ್ರಕ್ಕಿಳಿದ ರಾಕಿ ಸತ್ತನೋ ಇಲ್ಲವೋ ಅಂತ ಬಸ್ಸಿನಲ್ಲಿ ಕಿತ್ತಾಡುವವರನ್ನೂ ಬೈಯಬೇಡಿ. ಪ್ರಶ್ನೆ ಕೇಳುವ ಅಭ್ಯಾಸ ಅಲ್ಲಿ ಉಳಿದಿದ್ದರೆ ಉಳಿಯಲಿ. ಆ ಅಭ್ಯಾಸವನ್ನು ಸ್ವಲ್ಪ ಮನೆಯ ಕತೆಗಳ ಕಡೆಗೂ ತಿರುಗಿಸಿದರೆ ಸಾಕು.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮೂರಿನ ಕಡೆ ಮಾದಪ್ಪನದೋ, ಮೈಲಾರನದೋ, ಕೋಟಿ ಚೆನ್ನಯರದೋ, ಯಲ್ಲಮ್ಮನದೋ ಕತೆಗೆ ಪುಸ್ತಕದಲ್ಲಿಲ್ಲದ ಅಂತ್ಯ ಕೇಳಿದ್ದರೆ ಬರೆದಿಡಿ. ಯಾರು ಹೇಳಿದರು, ಯಾವ ಊರಿನಲ್ಲಿ, ಯಾರು ಅದಕ್ಕೆ ಅಡ್ಡ ಮಾತಾಡಿದರು, ಅದನ್ನೂ ಸೇರಿಸಿ ಬರೆಯಿರಿ. ಹಾಡಿದವರನ್ನು ರೆಕಾರ್ಡ್ ಮಾಡುವವರು ಈಗ ಬೇಕಾದಷ್ಟು ಜನ ಇದ್ದಾರೆ. ಹಿಂದೆ ಕೂತು “ಹಂಗಲ್ಲ ಬುಡು” ಅಂದವರ ಮಾತನ್ನು ಮಾತ್ರ ಯಾರೂ ಬರೆದುಕೊಂಡಿಲ್ಲ.

ಸಂಕಮ್ಮ ಆ ಮನೆ ಬಿಟ್ಟು ಹೊರಡಬೇಕಿತ್ತಾ, ಇಲ್ಲ ನಿಂತು ಗೆಲ್ಲಬೇಕಿತ್ತಾ? ನಿಮ್ಮ ಮತ ಯಾವ ಕಡೆ, ತಿಳಿಸಿ.